ಧೂಳಿಗೆ ಬೆಲ್ಲ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಔರಾದ ಬಸ್‌ಸ್ಟ್ಯಾಂಡು. ನನ್ನ ತವರಿನಿಂದ ಬೀದರ್‌ಗೆ ಮರಳುತ್ತಿದ್ದೆವು. ನಮ್ಮ ಮನೆಯವರು ಬಸ್ಸಿನ ಮೆಟ್ಟಿಲ ಮೇಲೆ ನಿಂತುಬಿಟ್ಟರು. "ಇಲ್ಲೇ ಮನಿ ಮಾಡ್ತೀರೇನ್ರಿ, ಮುಂದ ನಡೀರಿ," ಎಂದು ಹಿಂದಿನವರು ನಕ್ಕರು. ಇವರು ತಿರುಗಿದಾಗ ತುಟಿ ನೀಲಿಯಾಗಿತ್ತು.

ಉಸಿರಿಗಾಗಿ ಬಾಯಿ ತೆರೆದು ಕಂಬಿ ಹಿಡಿದುಕೊಂಡರು.

ಒಂದು ವಾರದಿಂದ ಕೆಮ್ಮು, ಜ್ವರ ಇತ್ತು. ಅವರು ಬೀದರ್ ಪಕ್ಕದ ಕೊಳಾರದ ಬೇಳೆ ಗೋದಾಮಿನಲ್ಲಿ ಸೂಪರ್‌ವೈಸರ್. ತೊಗರಿ ಧೂಳು ಎಂದುಕೊಂಡೆವು. ಅಲ್ಲಿ ಕೆಲಸ ಮುಗಿದ ಮೇಲೆ ಎಲ್ಲರೂ ಒಂದು ತುಂಡು ಬೆಲ್ಲ ತಿನ್ನುತ್ತಾರೆ, ಎದೆಯ ಧೂಳು ಅದರೊಂದಿಗೆ ಇಳಿಯುತ್ತದೆಂದು. ಬೆಲ್ಲವನ್ನು ಭಾಲ್ಕಿಯಿಂದ ಅತ್ತೆ ಕಳಿಸುತ್ತಿದ್ದರು. ಶುಗರ್ ಇದೆ ಎಂದು ತಿಳಿದ ಮೇಲೆ ಇವರು ಚಹಾದ ಸಕ್ಕರೆ ಬಿಟ್ಟರು. ಬೆಲ್ಲ ಬಿಡಲಿಲ್ಲ. ನಮ್ಮ ಪಾಲಿಗೆ ಅದು ಸಿಹಿಯಲ್ಲ, ಔಷಧ. ಕೆಮ್ಮು ಹೆಚ್ಚಿದಂತೆ ತುಂಡೂ ದೊಡ್ಡದಾಯಿತು.

ಯಾರದೋ ಜೀಪಿನಲ್ಲಿ ಬೀದರ್ ಸೇರಿದೆವು. ಐಸಿಯು. ಆಕ್ಸಿಜನ್, ಇನ್ಸುಲಿನ್. ಎರಡೂ ಶ್ವಾಸಕೋಶದಲ್ಲಿ ನ್ಯುಮೋನಿಯಾ, ಶುಗರ್ ನಾಲ್ಕುನೂರರ ಮೇಲೆ. ಉಳಿಯುತ್ತಾರೋ ಇಲ್ಲವೋ ಎಂದು ಕೇಳಲು ಧೈರ್ಯವಾಗಲಿಲ್ಲ. ಧೂಳಿನಿಂದಲೇ ಅಲ್ಲವೇ ಎಂದಷ್ಟೇ ಕೇಳಿದೆ. ಬೆಲ್ಲದ ವಿಷಯವನ್ನೂ ಹೇಳಿದೆ.

ಡಾಕ್ಟರ್ ಸಿಟ್ಟಾಗಲಿಲ್ಲ. "ಬೆಲ್ಲ ಹೋಗೋ ದಾರಿ ಬ್ಯಾರೆ, ಉಸುರು ಹೋಗೋ ದಾರಿ ಬ್ಯಾರೆ ಅದರಿ," ಎಂದರು. ಶುಗರ್ ಏರಿದರೆ ಸೋಂಕನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಇವರ ಹೊಟ್ಟೆಯ ಬೊಜ್ಜು ಕೆಳಗಿನಿಂದ ಒತ್ತಿ ಶ್ವಾಸಕೋಶ ಪೂರ್ತಿ ಅರಳಲು ಬಿಡುವುದಿಲ್ಲ. ವರ್ಷಗಟ್ಟಲೆ ಹೀಗೇ ಇದ್ದರೆ ಉಸಿರಿನ ಬಲವೇ ತಗ್ಗಬಹುದು ಎಂದು ವಿವರಿಸಿದರು. ಧೂಳೂ ಸೇರಿರಬಹುದಂತೆ. ಶುಗರ್ ಕಣ್ಣಿಗೆ, ಕಾಲಿಗೆ, ಕಿಡ್ನಿಗೆ ಕೆಟ್ಟದ್ದೆಂದು ಓದಿದ್ದೆ. ಉಸಿರಿಗೂ ಎಂದು ಹೊಳೆದೇ ಇರಲಿಲ್ಲ.

ಅತ್ತೆ ಬಂದು ಗಾಜಿನಾಚೆ ಮಗನ ಮುಖದ ಮಾಸ್ಕ್ ನೋಡಿದರು.

"ನನ್ನ ಕೈಲೇ ಕಳಸ್ತಿದ್ದೆನಲ್ಲವ್ವ."

"ನಾವೆಲ್ಲಾರೂ ತಿನಿಸೇವ್ರಿ ಅತ್ತಿ," ಎಂದೆ.

ಮಾಸ್ಕ್ ತೆಗೆದ ದಿನ ಇವರು ನನ್ನನ್ನು ನೋಡಿ, "ಬಸ್ ಹೋತೇನು?" ಎಂದರು. ನಗಬೇಕೆಂದುಕೊಂಡೆ. ಅತ್ತುಬಿಟ್ಟೆ.

ಮನೆಗೆ ಬಂದರೂ ಭಯ ಜೊತೆಗೇ ಬಂತು. ಅವರು ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ಉಸಿರು ಕಾಯುತ್ತಿದ್ದೆ. ಅತ್ತೆ ಬಾಗಿಲ ಬಳಿ ಮಲಗಿ ನಮ್ಮಿಬ್ಬರನ್ನೂ ಕಾಯುತ್ತಿದ್ದರು. ಈಗ ಇನ್ಸುಲಿನ್ ಇದೆ, ಬೆಳಗಿನ ನಡಿಗೆ ಇದೆ, ಗೋದಾಮಿನಲ್ಲಿ ಮಾಸ್ಕ್ ಇದೆ. ಊದುವ ಪರೀಕ್ಷೆಯಲ್ಲಿ ಉಸಿರು ಇನ್ನೂ ಪೂರ್ತಿ ಮರಳಿಲ್ಲ. ಮರಳುತ್ತದೆಂದು ಯಾರೂ ಮಾತು ಕೊಟ್ಟಿಲ್ಲ.

ಕಳೆದ ಭಾನುವಾರ ನಾನು ಕಣ್ಣು ಬಿಟ್ಟಾಗ ಅವರು ಒಂದೇ ದಿಂಬಿನ ಮೇಲೆ ಮಗ್ಗುಲಾಗಿ ಮಲಗಿದ್ದರು, ಉಸಿರು ಸಲೀಸಾಗಿ ಆಡುತ್ತಿತ್ತು. ಕಾವಲು ಮರೆತು ಅತ್ತೆ ಬಾಗಿಲ ಬಳಿ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಹೊಸ್ತಿಲಲ್ಲಿ ಹಾಲಿನ ಪ್ಯಾಕೆಟ್ ಬಿಸಿಲಿಗೆ ಬೆಚ್ಚಗಾಗಿತ್ತು.