ಅಂಗೈ ಸಾಕ್ಷಿ

ನಮ್ಮ ದೊಡ್ಡಪ್ಪನ ಜೊತೆ ವಾದ ಮಾಡುವುದರಲ್ಲಿ ಒಂದು ತೊಡಕಿದೆ. ಸೋಲುವ ಹೊತ್ತು ಬಂತೆಂದು ಗೊತ್ತಾದ ಕೂಡಲೇ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೂವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ನಿಂತು ಅವರ ಎರಡೂ ಕಿವಿ ಹೋಗಿವೆ. ನಮ್ಮ ಮಾತನ್ನು ತುಟಿ ನೋಡಿ ಓದುತ್ತಾರೆ. ಹಾಗಾಗಿ ಕಣ್ಣು ಮುಚ್ಚಿದರೆ ಸಭೆ ಬರಖಾಸ್ತು. ನಾನು ಕೊಯಮತ್ತೂರಿನ ಕಾಲೇಜಿಗೆ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ತಂದುಕೊಟ್ಟವಳು. ಎದುರಾಳಿ ಅರಚಿದರೆ, ಅತ್ತರೆ, ಇಲ್ಲದ ಅಂಕಿಅಂಶ ಹೇಳಿದರೆ ಏನು ಮಾಡಬೇಕೆಂದು ಗೊತ್ತು. ರೆಪ್ಪೆ ಮುಚ್ಚಿದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ.

ಇನ್ನೊಂದು ತೊಡಕು ನನ್ನದೇ. ತಮಿಳುನಾಡಿನ ಅವಿನಾಶಿ ಪಕ್ಕದ ನಮ್ಮ ಊರಿನ ನೇಕಾರರ ಮನೆಗಳಲ್ಲಿ ಕನ್ನಡ ಹೊಸ್ತಿಲೊಳಗಿನ ಭಾಷೆ. ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರವಂತೂ ಯಾರಿಗೂ ಬಾರದು. ನಾನು ಕಲಿತದ್ದು ಹಾಸ್ಟೆಲಿನಲ್ಲಿ ಮೈಸೂರಿನ ಗೆಳತಿಯೊಬ್ಬಳು "ನೀವು ಮಾತಾಡೋದು ಕನ್ನಡಾನಾ?" ಎಂದು ಕೇಳಿದ ಸಿಟ್ಟಿಗೆ. ಕಲಿತ ಜೋರಿನಲ್ಲಿ ಮನೆಯಲ್ಲೂ ಪುಸ್ತಕದ ಕನ್ನಡ ಶುರುಮಾಡಿದೆ. ದೊಡ್ಡಪ್ಪ ಎರಡು ದಿನ ನನ್ನ ಬಾಯನ್ನೇ ನೋಡಿ, "ಕಣ್ಣು, ಹಳೇ ಬಾಯಲ್ಲಿ ಮಾತಾಡು. ಇದು ಓದಕ್ಕಾಗಲ್ಲ" ಅಂದರು. ನಮ್ಮ ಕಡೆ ಮುದ್ದಿನವರನ್ನೆಲ್ಲ 'ಕಣ್ಣು' ಎಂದೇ ಕರೆಯುವುದು; ಅವರ ಬಾಯಲ್ಲಿ ಅದಕ್ಕೆ ಸ್ವಲ್ಪ ತೂಕ ಹೆಚ್ಚು.

ಈಗ ಮೋಟಾರ್‌ಸೈಕಲ್ಲಿನ ವಿಷಯ. ಒಂಬತ್ತು ವರ್ಷದ ಹಿಂದೆ ದೊಡ್ಡಪ್ಪ ತಮ್ಮ ಗಾಡಿಯನ್ನು ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿ, ನಮ್ಮ ಮಗ್ಗದಲ್ಲೇ ನೇಯ್ದ, ಬಣ್ಣ ಕಾಣದ ಕಾಡಾ ಬಟ್ಟೆ ಹೊದಿಸಿದರು. ಅಂದು ಅವಿನಾಶಿ ರಸ್ತೆಯಲ್ಲಿ ಬಸ್ಸೊಂದು ಹಿಂದಿನಿಂದ ಹಾರ್ನ್ ಬಾರಿಸುತ್ತಲೇ ಬಂದಿದೆ, ಇವರಿಗೆ ತಿಳಿದಿಲ್ಲ. ಕೊನೆಗೆ ಡ್ರೈವರು ಪಕ್ಕಕ್ಕೆ ಬಂದು ಬೈದಿದ್ದಾನೆ. ಹಾರ್ನ್ ಕೇಳಿಸಲಿಲ್ಲ, ತುಟಿ ಮಾತ್ರ ಕಂಡಿತು, ಒಂದಕ್ಷರವೂ ತಪ್ಪಲಿಲ್ಲ. ಮನೆಗೆ ಬಂದವರು ಯಾರಿಗೂ ಏನೂ ಹೇಳದೆ ಕೀಲಿಯನ್ನು ಮೊಳೆಗೆ ತಗುಲಿಹಾಕಿದರು.

ನಿಲ್ಲಿಸಿದ ಗಾಡಿ ನಿಂತಿರುತ್ತದೆ ಎಂದು ನಾವು ತಿಳಿಯುತ್ತೇವೆ. ಇದು ತಪ್ಪು. ಅದು ತನ್ನ ಪಾಡಿಗೆ ಎತ್ತಲೋ ಹೋಗುತ್ತಲೇ ಇರುತ್ತದೆ. ಟ್ಯಾಂಕಿನ ಪೆಟ್ರೋಲು ಮೆಲ್ಲಗೆ ಅಂಟಾಗುತ್ತದೆ, ಕ್ಲಚ್ ಪ್ಲೇಟುಗಳು ಒಂದನ್ನೊಂದು ಅಪ್ಪಿಕೊಂಡು ಬಿಡಲೊಲ್ಲೆ ಅನ್ನುತ್ತವೆ, ಟೈರು ಮುದಿ ಹಿಮ್ಮಡಿಯ ಹಾಗೆ ಬಿರಿಯುತ್ತದೆ, ಸೈಲೆನ್ಸರಿನೊಳಗೆ ಕಣಜ ಮಣ್ಣಿನ ಮನೆ ಕಟ್ಟುತ್ತದೆ. ಸುಮ್ಮನೆ ಇರುವುದು ಅಂಥ ಸುಲಭದ ಕೆಲಸವಲ್ಲ. ಮನುಷ್ಯರ ವಿಷಯದಲ್ಲೂ ಇದನ್ನು ಯೋಚಿಸಬಹುದಿತ್ತು. ನಮ್ಮ ಮನೆಯಲ್ಲಿ ಯೋಚಿಸಿದವರಿರಲಿಲ್ಲ. ಕಿವಿ ಹೋದ ಮೇಲೆ ದೊಡ್ಡಪ್ಪನನ್ನು ಯಾವುದಕ್ಕೂ ಕೇಳುವುದನ್ನು ಒಬ್ಬೊಬ್ಬರಾಗಿ ಬಿಟ್ಟರು. ಯಾರಿಗೂ ಅಗೌರವವಿರಲಿಲ್ಲ, ಎರಡೆರಡು ಸಲ ಹೇಳುವ ಸೋಮಾರಿತನ, ಅಷ್ಟೆ.

ಈ ವರ್ಷ ಅಪ್ಪ ಆ ಮೂಲೆಗೆ ಹೊಸ ಮಗ್ಗ ತರಿಸುತ್ತೇನೆಂದರು. ಗಾಡಿ ಹಳೇ ಕಬ್ಬಿಣದವನಿಗೆ. "ದೊಡ್ಡಪ್ಪನ್ನ ಕೇಳಿದ್ರಾ?" ಅಂದೆ. "ಅವರಿಗೆ ಹೇಳಿ ಅರ್ಥ ಮಾಡಿಸೋದು ಯಾರು?" ಅಂದರು. ಎದುರು ಪಕ್ಷ ಖಾಲಿ ಇದ್ದರೆ ನನಗೆ ಕೂರಲಾಗುವುದಿಲ್ಲ. ಗಾಡಿಗೆ ಹದಿನೈದು ವರ್ಷ ದಾಟಿದೆ, ಆರ್‌ಟಿಓ ಪರೀಕ್ಷೆ ಮಾಡಿಸಿ ಮತ್ತೆ ರಿಜಿಸ್ಟರ್ ಮಾಡಿಸಬೇಕು. ಒಂದು ತಿಂಗಳಲ್ಲಿ ಪಾಸು ಮಾಡಿಸಿದರೆ ಉಳಿಯಬೇಕು ಎಂದು ಷರತ್ತು ಹಾಕಿದೆ. ಅಪ್ಪ ಒಪ್ಪಿದರು, ಆಗದ ಕೆಲಸಕ್ಕೆ ಒಪ್ಪುವ ಉದಾರತನದಿಂದ. ಈ ಮಾತುಕತೆಯನ್ನೆಲ್ಲ ದೊಡ್ಡಪ್ಪ ಎದುರು ಗೋಡೆಗೆ ಒರಗಿ ಓದುತ್ತಿದ್ದರು. ಎದ್ದು ಹೋಗಿ ಬಟ್ಟೆ ತೆಗೆದು ಟ್ಯಾಂಕಿನ ಮೇಲೆ ಅಂಗೈ ಇಟ್ಟು ನಿಂತರು. ಧೂಳು ನೋಡುತ್ತಿದ್ದಾರೆ ಅಂದುಕೊಂಡೆ.

ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯ ಮೆಕ್ಯಾನಿಕ್ ಮುರುಗೇಸಣ್ಣನಲ್ಲಿಗೆ ಹೋದೆವು. ಅಕ್ಕಪಕ್ಕವೆಲ್ಲ ಪಂಪು, ಮೋಟಾರಿನ ವರ್ಕ್‌ಶಾಪುಗಳು. ನನ್ನ ಕಿವಿಗೆ ಒಂದು ಸದ್ದೂ ಬೇರೆಯಾಗಿ ಸಿಗದ ಜಾಗ. ಮುರುಗೇಸಣ್ಣ ಅದರೊಳಗಿಂದಲೂ ಎಂಜಿನ್ನಿನ ಕಾಯಿಲೆಯನ್ನು ಕೇಳಿ ಹೇಳುವವರು. ಮೂರು ವಾರ ಬಿಚ್ಚಿ, ತೊಳೆದು, ಕಣಜವನ್ನು ಒಕ್ಕಲೆಬ್ಬಿಸಿ, ಒಂದು ಬೆಳಿಗ್ಗೆ ಕಿಕ್ ಹೊಡೆದರು. ಗಾಡಿ ಕೆಮ್ಮಿತು, ನೀಲಿ ಹೊಗೆ ಬಿಟ್ಟಿತು, ಹಿಡಿಯಿತು.

"ಸೌಂಡ್ ಕೇಳಿ ನೋಡಮ್ಮಾ. ಹೊಸ ವಂಡಿ," ಅಂದರು ಮುರುಗೇಸಣ್ಣ.

ದೊಡ್ಡಪ್ಪ ಬಂದು ಟ್ಯಾಂಕಿನ ಮೇಲೆ ಅಂಗೈ ಇಟ್ಟರು. ಕೈ ಸೀಟಿನಡಿಗೆ ಇಳಿಯಿತು, ಅಲ್ಲಿಂದ ಎಂಜಿನ್ನಿನ ಹಿಂದಿನ ಚಾಸಿಗೆ. "ಇಲ್ಲಿ," ಅಂದರು, ಕಿವಿ ಕೇಳದವರ ದೊಡ್ಡ ದನಿಯಲ್ಲಿ. "ತರಿ ಕಾಲು ಬಿಟ್ಟಂಗದೆ."

ತರಿ ಎಂದರೆ ಮಗ್ಗ. ಮಗ್ಗದ ಕಾಲನ್ನು ನೆಲಕ್ಕೆ ಹೂಡಿದ ಬೋಲ್ಟು ಸಡಿಲವಾದರೆ ಇಡೀ ಮಗ್ಗ ತಿಳಿಯದಷ್ಟು ನಡುಗಿ, ಬಟ್ಟೆ ಕೆಡುತ್ತದೆ. ಮುರುಗೇಸಣ್ಣ ಅಲ್ಲಿ ಎಂಜಿನ್ನನ್ನು ಚಾಸಿಗೆ ಹಿಡಿದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಜಗ್ಗಿದರು. ಅಲುಗಲಿಲ್ಲ. "ಟೈಟಾಗಿದೆ ಅಯ್ಯಾ," ಅಂದರು.

ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ಮತ್ತೆ ಎಂಜಿನ್ ಇಳಿಸಿದರೆ ವಾರ ಹೋಗುತ್ತದೆ, ಗಾಡಿ ಕಬ್ಬಿಣದವನ ಪಾಲಾಗುತ್ತದೆ. ಬೋಲ್ಟು ಬಿಗಿಯಾಗಿರುವುದು ಕಣ್ಣೆದುರಿಗಿದೆ, ಎಂಜಿನ್ ಚೆನ್ನಾಗಿರುವುದು ಮುರುಗೇಸಣ್ಣನ ಕಿವಿಗೆ ಕೇಳುತ್ತಿದೆ. ನಾನು ದೊಡ್ಡಪ್ಪನ ಎದುರು ನಿಂತು, ಹಳೇ ಬಾಯಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ: "ದೊಡ್ಡಪ್ಪಾ, ಕಿವಿ ಕೇಳ್ದೆ ಇರೋರು ಎಂಜಿನ್ ಸೌಂಡಿಗೆ ಸಾಕ್ಷಿ ಹೇಳಕ್ಕಾಗಲ್ಲ."

ಅವರು ಈ ಸಲ ಕಣ್ಣು ಮುಚ್ಚಲಿಲ್ಲ. "ನಾನು ಸೌಂಡ್ ಅಂದ್ನಾ?" ಅಂದರು.

ಅಂದಿರಲಿಲ್ಲ. ಎದುರಾಳಿ ಆಡದ ಮಾತನ್ನು ಅವನ ಬಾಯಲ್ಲಿಟ್ಟು ಅದನ್ನೇ ಖಂಡಿಸುವುದು ಚರ್ಚೆಯಲ್ಲಿ ಮೊದಲ ವರ್ಷದವರು ಮಾಡುವ ತಪ್ಪು. ಜೂನಿಯರುಗಳಿಗೆ ನಾನೇ ಅದನ್ನು ತಿದ್ದಿಕೊಡುತ್ತಿದ್ದೆ. ಅದಕ್ಕಿಂತ ಕೆಟ್ಟದ್ದು, ಅಪ್ಪನ ಮೇಲೆ ಯಾವುದಕ್ಕೆ ಸಿಟ್ಟಾಗಿದ್ದೆನೋ ಅದನ್ನೇ ಮೂರನೆಯವರ ಎದುರಿಗೆ, ಅದೂ ಸ್ಪಷ್ಟವಾದ ಉಚ್ಚಾರಣೆಯಲ್ಲಿ ಮಾಡಿದ್ದೆ. ನಮ್ಮ ಹಳೆಯ ತಾರ್ಕಿಕರು ಪ್ರತ್ಯಕ್ಷ ಪ್ರಮಾಣ ಎಂದಾಗ ಐದೂ ಇಂದ್ರಿಯಗಳನ್ನು ಹಿಡಿದಿದ್ದರು. ಚರ್ಮವನ್ನು ಸಾಕ್ಷಿಪಟ್ಟಿಯಿಂದ ಕೈಬಿಟ್ಟವರು ಆಮೇಲೆ ಬಂದ ನಾವು.

ದೊಡ್ಡಪ್ಪ ನನ್ನ ಕೈ ಹಿಡಿದು ಚಾಸಿಯ ಮೇಲಿಟ್ಟರು. ನಡುಕ ಇತ್ತು, ಎಲ್ಲ ಗಾಡಿಗೂ ಇರುವಂಥದ್ದು. ಅದರೊಳಗೊಂದು ಬೇರೆ ಮಿಡಿತ ಇದ್ದ ಹಾಗೂ ಅನ್ನಿಸಿತು. ಆದರೆ ಇದೆ ಎಂದು ಹೇಳಿಸಿಕೊಂಡ ಮೇಲೆ ಅನ್ನಿಸಿದ್ದಕ್ಕೆ ಬೆಲೆಯಿಲ್ಲ. ತಪ್ಪಿನ ನಾಚಿಕೆಯಲ್ಲೂ ನನ್ನ ಸಂಶಯ ಬಿಡಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಒಂದು ಪರೀಕ್ಷೆ ಹೂಡಿದೆ. ದೊಡ್ಡಪ್ಪ ಕಣ್ಣು ಮುಚ್ಚಿ ಟ್ಯಾಂಕಿನ ಮೇಲೆ ಕೈ ಇಡಬೇಕು. ನಾನು ಸನ್ನೆ ಮಾಡಿದಾಗ ಮಾತ್ರ ಮುರುಗೇಸಣ್ಣ ಎಂಜಿನ್ನಿಗೂ ಚಾಸಿಗೂ ನಡುವೆ ಸಲಾಕೆ ತೂರಿಸಿ ಒತ್ತಿ ಹಿಡಿಯಬೇಕು. ಆ ಬೇರೆ ಮಿಡಿತ ನಿಂತಾಗ ದೊಡ್ಡಪ್ಪ ಬೆರಳೆತ್ತಬೇಕು.

ಅವರು ಕಣ್ಣು ಮುಚ್ಚಿದರು. ಸಲಾಕೆ ಒತ್ತಿದಾಗ ಬೆರಳು ಎದ್ದಿತು, ಬಿಟ್ಟಾಗ ಇಳಿಯಿತು. ಮತ್ತೆ ಎದ್ದಿತು. ನಾನು ಮೋಸ ಮಾಡಿದೆ. ಸಲಾಕೆಯನ್ನು ಸುಮ್ಮನೆ ತಾಗಿಸಿ ಒತ್ತಬೇಡಿ ಎಂದು ಸನ್ನೆ ಮಾಡಿದೆ. ಬೆರಳು ಏಳಲಿಲ್ಲ. "ಇವನು ತೊಟ್ಟಿದ್ದಷ್ಟೇ, ಒತ್ತಲಿಲ್ಲ," ಅಂದರು ದೊಡ್ಡಪ್ಪ, ಕಣ್ಣು ತೆರೆಯದೆ. ತೊಡುವುದು ಎಂದರೆ ನಮ್ಮ ಮನೆಯ ಕನ್ನಡದಲ್ಲಿ ಮುಟ್ಟುವುದು. "ಆಟ ಆಡ್ಬೇಡ, ಕಣ್ಣು."

ಮುರುಗೇಸಣ್ಣ ಎಂಜಿನ್ ನಿಲ್ಲಿಸಿ, ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ತಟ್ಟಿ ಆ ಬೋಲ್ಟನ್ನು ಹೊರಗೆ ತಂದರು. ಅರ್ಧವೇ ಬಂತು. ಎರಡು ತುದಿಗಳೂ ತುಕ್ಕು ಹಿಡಿದು ಬಿಗಿಯಾಗಿ ಕೂತಿದ್ದವು, ನಡುವೆ ತುಂಡಾಗಿತ್ತು. ಅವರು ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಹೈವೇಯಲ್ಲಿ ಬಿಟ್ಟುಕೊಂಡಿದ್ರೆ..." ಎಂದು ನನ್ನ ಕಡೆ ತಿರುಗಿ ಹೇಳಲು ಹೋದವರು, ತಡೆದು, ದೊಡ್ಡಪ್ಪನ ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ ತಮಿಳಿನಲ್ಲಿ ಮೆಲ್ಲಗೆ ಕೇಳಿದರು: "ಅಯ್ಯಾ, ಅಲ್ಲಿ ಆ ನೀಲಿ ವಂಡಿ ಒಂದಿದೆ. ಒಂದು ವಾರದಿಂದ ನನಗೆ ಸಿಗ್ತಾ ಇಲ್ಲ. ಒಂದ್ಸಲ ಕೈ ಇಟ್ಟು ನೋಡ್ತೀರಾ?"

ದೊಡ್ಡಪ್ಪ ಲುಂಗಿ ಎತ್ತಿಕಟ್ಟಿ ನೀಲಿ ಗಾಡಿಯ ಕಡೆ ಹೋದ ನಡಿಗೆಯನ್ನು ನಾನು ಒಂಬತ್ತು ವರ್ಷದಿಂದ ನೋಡಿರಲಿಲ್ಲ.

ಎಂಜಿನ್ ಇಳಿಸದೆಯೇ ಹೊಸ ಬೋಲ್ಟು ಕೂತಿತು, ಗಾಡಿ ಪಾಸಾಯಿತು. ಇನ್ಸ್‌ಪೆಕ್ಟರು ಬ್ರೇಕು, ಲೈಟು ನೋಡಿ, ಹಾರ್ನ್ ಒತ್ತಿಸಿ, "ಕೇಳುತ್ತಾ?" ಎಂದು ದೊಡ್ಡಪ್ಪನನ್ನೇ ಕೇಳಿದರು. "ಚೆನ್ನಾಗಿ," ಅಂದರು ಅವರು. ಹ್ಯಾಂಡಲಿನ ಮೇಲೆ ಕೈ ಇತ್ತು, ಸುಳ್ಳೇನಲ್ಲ. ಹೊಸ ಮಗ್ಗ ಬಂದಾಗ ಅಪ್ಪ ಮೊದಲ ದಿನವೇ ತಮ್ಮ ಅಣ್ಣನನ್ನು ಕರೆದು ಅದರ ಕಾಲಿನ ಮೇಲೆ ಕೈ ಇಡಿಸಿದರು. ಅಮ್ಮ ಗ್ರೈಂಡರು ತಂದು ಮುಂದಿಟ್ಟಳು. ಅದರಲ್ಲಿ ಏನೂ ದೋಷವಿರಲಿಲ್ಲ, ಆದರೂ ತಂದಳು.

ಗಾಡಿಯನ್ನು ಈಗ ನಾನು ಓಡಿಸುತ್ತೇನೆ. ದೊಡ್ಡಪ್ಪ ಹಿಂದೆ ಕೂರುತ್ತಾರೆ, ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಸೀಟಿನಡಿಯ ಕಂಬಿಯ ಮೇಲೆ. ಕುನ್ನತ್ತೂರಿನ ದಾರಿಯುದ್ದಕ್ಕೂ "ಗೇರ್ ಇಳಿಸು, ಕಣ್ಣು" ಎಂದು ಬಸ್‌ಸ್ಟಾಪಿನವರೆಲ್ಲ ತಿರುಗಿ ನೋಡುವ ದನಿಯಲ್ಲಿ ಹೇಳುತ್ತಾರೆ. ಗೇರ್ ಯಾಕೆ ಇಳಿಸಬಾರದು ಎಂಬುದಕ್ಕೆ ನನ್ನಲ್ಲಿ ಮೂರು ಒಳ್ಳೆಯ ಕಾರಣಗಳಿರುತ್ತವೆ. ಹೇಳುತ್ತೇನೆ, ಗಾಳಿಗೆ ಹೋಗುತ್ತವೆ, ಬೆನ್ನಿಗೆ ತುಟಿಯಿಲ್ಲ. ಆಮೇಲೆ ಗೇರ್ ಇಳಿಸುತ್ತೇನೆ. ಬಲಗಡೆಯ ಕನ್ನಡಿಯನ್ನು ಒಂದಿಷ್ಟು ಒಳಕ್ಕೆ ತಿರುಗಿಸಿದರೆ ನನ್ನ ಬಾಯಿ ಅವರಿಗೆ ಕಾಣುತ್ತದೆ ಎಂಬುದನ್ನು ಮೊದಲ ವಾರವೇ ಕಂಡುಹಿಡಿದಿದ್ದೇನೆ. ಇನ್ನೂ ತಿರುಗಿಸಿಲ್ಲ. ಹಿಂದಿನಿಂದ ಬಸ್ಸು ಬರುವುದು ಇಬ್ಬರಲ್ಲಿ ಒಬ್ಬರಿಗಾದರೂ ಕಾಣಬೇಕಲ್ಲ.