ಈಳಗಿಗೆ ಕಟ್ಟಿದ ಕುಂಚ

ಹಳಿಯಾಳದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನವೆಂದರೆ ಯುದ್ಧ. ಮೇಜಿನ ಈ ಕಡೆ ಅಪ್ಪನ ಕಿತ್ತೂರು ಸೈನ್ಯ, ಆ ಕಡೆ ಅವನ ಗೆಳೆಯ ಗ್ಯಾರೇಜು ಚಾಚಾನ ಕಂಪನಿ ಸೈನ್ಯ. ಎಲ್ಲರೂ ಹೆಬ್ಬೆರಳುದ್ದದ ಮಣ್ಣಿನ ಸಿಪಾಯಿಗಳು. ದಾಳ ಒಗೆದು ಸರಿಸುವುದು, ಸತ್ತವರನ್ನು ಎತ್ತಿಡುವುದು. ಓಣಿಯ ಮಕ್ಕಳು ದೀಪಾವಳಿಗೆ ಕಟ್ಟುವ ಮಣ್ಣಿನ ಕಿಲ್ಲೆಗೆಂದು ಸಿಪಾಯಿ ಮಾಡಿಕೊಡಲು ಹೋಗಿ ಇಬ್ಬರಿಗೂ ಹತ್ತಿದ ಹುಚ್ಚು ಅದು. ಹಬ್ಬಕ್ಕೆ ಹಳೆಯ ಸೈನ್ಯ ಮಕ್ಕಳ ಪಾಲಾಗುತ್ತಿತ್ತು, ಆಮೇಲೆ ಹೊಸದು. ಕೆಂಪು ಕೋಟುಗಳಿಗೆ ಲಾರಿಗೆ ಬಳಿದು ಮಿಕ್ಕ ಬಣ್ಣ. ಚಾಚಾನದು ಒಂದೇ ಕಟ್ಟುನಿಟ್ಟು: ಬಣ್ಣ ಕಾಣದ ಸಿಪಾಯಿ ಮೇಜು ಹತ್ತುವಂತಿಲ್ಲ.

ಒಂದು ವರ್ಷ ಹಬ್ಬ ಮುಗಿದ ಮೇಲೆ, ದಾಂಡೇಲಿಯ ಕಟ್ಟಿಗೆ ಮಿಲ್ಲಿನ ಗರಗಸ ಅಪ್ಪನ ಬಲಗೈಯ ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತಿಂದಿತು. ಎಡಗೈಗೆ ಕುಂಚ ಕೊಟ್ಟರೆ ಗಡಗಡ ನಡುಗುತ್ತಿತ್ತು. ಒಣಗಿಸಿಟ್ಟ ಹೊಸ ಸಿಪಾಯಿಗಳನ್ನು ಅಪ್ಪ ಅಟ್ಟಕ್ಕೆ ಹಾಕಿದ.

ಚಾಚಾ ಮಾತ್ರ ಭಾನುವಾರ ತಪ್ಪಿಸಲಿಲ್ಲ. ತನ್ನ ಸೈನ್ಯ ಹೂಡಿ ಸುಮ್ಮನೆ ಚಹಾ ಕುಡಿದು ಹೋಗುತ್ತಿದ್ದ. ನನಗೆ ಸಿಟ್ಟು ಬಂತು. ಬಣ್ಣವಿಲ್ಲದೆ ಆಡಿದರೆ ಏನು ಗಂಟು ಹೋಗುತ್ತದೆ ಎಂದು ಅಂಗಳದಲ್ಲೇ ಕೇಳಿದೆ.

"ಬ್ಯಾಡವ್ವಾ," ಎಂದ. "ಇವತ್ತ ನಾ ಹಂಗ ಆಡಾಕ ಬಿಟ್ರ ನಿಮ್ಮಪ್ಪ ಮತ್ತ ಕುಂಚ ಹಿಡಿಯಂಗಿಲ್ಲ."

ಅಮ್ಮ ಈಳಗಿಯ ಮೇಲೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಒಂದು ಮುಂಜಾನೆ ಅಪ್ಪ ಅವಳನ್ನೇ ದಿಟ್ಟಿಸಿದ. ಅವಳಿಗೆ ಮುಜುಗರ.

"ಈಳಗಿ ಅಲ್ಲಾಡಂಗಿಲ್ಲ ನೋಡ," ಎಂದ ಅಪ್ಪ. "ಉಳ್ಳಾಗಡ್ಡೀನ ಅದರ ಕಡೆ ಹೋಗ್ತೈತಿ."

ಅವತ್ತೇ ಈಳಗಿಯ ಅಲಗಿಗೆ ಬಟ್ಟೆ ಸುತ್ತಿ, ತುದಿಗೆ ನನ್ನ ಕೈಯಿಂದ ಕುಂಚ ಕಟ್ಟಿಸಿದ. ಮಣೆಯನ್ನು ಕಾಲಿನಿಂದ ಅದುಮಿ ಕೂತು, ಎಡಗೈಯನ್ನು ಮೊಣಕಾಲಿಗೆ ಊರಿ, ಸಿಪಾಯಿಯನ್ನೇ ಕುಂಚಕ್ಕೆ ಒಯ್ದು ತಿರುಗಿಸಿದ. ಊರಿದ ಕೈ ಅಷ್ಟಾಗಿ ನಡುಗಲಿಲ್ಲ. ಮುಂಡಾಸಿನ ಅರ್ಧ ಬಣ್ಣ ಮೂಗಿಗೆ ಹತ್ತಿತು, ಒರೆಸಿ ಮತ್ತೆ ಶುರು. ಸಾರೆಲ್ಲ ಟರ್ಪೆಂಟೈನ್ ನಾತ ಎಂದು ಅಮ್ಮ ವಟಗುಟ್ಟಿದಳು, ಈಳಗಿಯನ್ನು ಮಾತ್ರ ವಾಪಸು ಕೇಳಲಿಲ್ಲ. ಪಕ್ಕದ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿಕೊಂಡು ಬಂದಳು. ನನಗೆ ಅಳುವೇ ಬಂತು, ಖುಷಿಗೆ.

ಭಾನುವಾರದ ಹೊತ್ತಿಗೆ ಒಬ್ಬನೇ ಒಬ್ಬ ತಯಾರಾಗಿದ್ದ. ಚಾಚಾ ಅವನನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಮೀಸಿ ಸೊಟ್ಟ ಐತಿ," ಎಂದು ಮೇಜಿನ ಮೇಲಿಟ್ಟ. ಆಮೇಲೆ ತನ್ನ ಕಡೆಯಿಂದ ಒಬ್ಬ ಕೆಂಪು ಕೋಟಿನವನನ್ನು ಮಾತ್ರ ನಿಲ್ಲಿಸಿ, ಉಳಿದ ಸೈನ್ಯವನ್ನೆಲ್ಲ ಡಬ್ಬಿಗೆ ತುಂಬಿದ.

"ಹೂಂ, ದಾಳ ಒಗಿ ಅಣ್ಣಾ."