ತಪ್ಪು ಬಸ್ಸಿನ ಮೂಲಪ್ರತಿ

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಬ್ರಿಟಿಷರ ಹಳೆಯ ಹಾಸ್ಯ ಧಾರಾವಾಹಿಗಳನ್ನು ನೋಡುವಾಗ ನಾನು ಯಾವಾಗಲೂ ಅರೆಕ್ಷಣ ತಡವಾಗಿ ನಗುತ್ತೇನೆ. ಪರದೆಯ ಹಿಂದಿನ ಪ್ರೇಕ್ಷಕರು ಮೊದಲು ನಗಬೇಕು. ಓಹೋ, ಇಲ್ಲಿ ನಗುವಂಥದ್ದು ಏನೋ ಇದೆ ಎಂದು ಆಮೇಲೆ ನನಗೆ ಹೊಳೆಯುತ್ತದೆ. ಇಂಗ್ಲಿಷ್ ಎಂ.ಎ. ಮಾಡಿ, ಮುಳಬಾಗಿಲಿನ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುವವಳ ಗತಿ ಇದು. ವಿದ್ಯಾರ್ಥಿಗಳ ಕಿವಿಗೆ ಬೀಳದಿರಲಿ.

ಆದರೂ ಬಿಡದೆ ನೋಡುತ್ತೇನೆ. ನನಗೆ ಹುಚ್ಚು ಹಿಡಿಸಿದ್ದು ಆ ಹಾಸ್ಯ ಸಮುದ್ರ ದಾಟುವ ರೀತಿ. ಬ್ರಿಟನ್ನಿನಲ್ಲಿ ಗುಜರಿ ವ್ಯಾಪಾರದ ಅಪ್ಪ ಮಗ ಕಿತ್ತಾಡಿದರೆ, ಕೆಲವು ವರ್ಷಗಳಲ್ಲಿ ಅಮೆರಿಕದಲ್ಲೂ ಒಬ್ಬ ಗುಜರಿ ಅಪ್ಪ, ಒಬ್ಬ ಗುಜರಿ ಮಗ ಹುಟ್ಟಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಒಬ್ಬ ಬಾಯಿಬಡುಕ ಮಾವ ಅಳಿಯನನ್ನು ಬೈದರೆ ಅಮೆರಿಕದಲ್ಲೂ ಒಬ್ಬ ಬೈಯಲು ತಯಾರಾಗುತ್ತಾನೆ. ಶ್ರೀನಿವಾಸಪುರದ ತೋಟಗಳಲ್ಲಿ ನಾಟಿ ಮಾವಿನ ಬುಡಕ್ಕೆ ಬೇರೆ ಜಾತಿಯ ಕಡ್ಡಿ ಕಸಿ ಕಟ್ಟುತ್ತಾರಲ್ಲ, ಹಾಗೆ. ಬೇರು ಅದೇ, ಹಣ್ಣು ಮಾತ್ರ ಸ್ವಲ್ಪ ಹೆಚ್ಚು ಸಿಹಿ.

ಸಿಹಿಯ ಮಾತು ನನಗಿಂತ ಮೊದಲು ಆಡಿದವಳು ನನ್ನ ಅಕ್ಕ. ನಾವು ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ದಿನ ಗೊತ್ತು ಮಾಡಿದ್ದೆವು. ಸಾಮಾನಿನ ಪಟ್ಟಿ ಬರೆಯಲು ಅಕ್ಕ ದೇವರಾಯಸಮುದ್ರದಿಂದ ಬಂದಿದ್ದಳು. ಅವಳಿಗೆ ಒಂದೇ ಕಥೆಯ ಎರಡು ಧಾರಾವಾಹಿ ತೋರಿಸಿದೆ. ಎರಡರಲ್ಲೂ ಒಬ್ಬ ಮೇಲಧಿಕಾರಿ, ತನ್ನಷ್ಟು ತಮಾಷೆಯ ಮನುಷ್ಯ ಇಲ್ಲ ಎಂದುಕೊಂಡವನು. ಅಕ್ಕನಿಗೆ ಇಂಗ್ಲಿಷ್ ಬಾರದು. ಬ್ರಿಟನ್ನಿನವನನ್ನು ಸ್ವಲ್ಪ ಹೊತ್ತು ನೋಡಿ, "ಪಾಪ, ಇವನಿಗೆ ಮನೇಲಿ ಯಾರೂ ಇಲ್ವೇನೇ?" ಎಂದಳು. ಅಮೆರಿಕದವನನ್ನು ನೋಡಿ, "ಇವನೂ ಪೆದ್ದನೇ. ಆದ್ರೆ ಈ ಊರಲ್ಲಿ ಯಾರೋ ಇವನಿಗೆ ಹೊಟ್ಟೆ ತುಂಬ ಪಾಯಸ ಹಾಕಿದಾರೆ ಕಣೇ" ಎಂದಳು.

ಇದನ್ನೇ ಹೇಳಲು ನಾನು ಡೈರಿಯಲ್ಲಿ ನಾಲ್ಕು ಪುಟ ತೆಗೆದುಕೊಂಡಿದ್ದೆ. ಬ್ರಿಟನ್ನಿನಲ್ಲಿ ಒಬ್ಬರೋ ಇಬ್ಬರೋ ಕೂತು ಆರು ಕಂತು ಬರೆದು ಬಾಗಿಲು ಹಾಕಿಬಿಡುತ್ತಾರೆ. ಆರು ಕಂತಿನ ಪೆದ್ದನನ್ನು ಹೇಗೋ ಸಹಿಸಬಹುದು, ಅವನು ಹಬ್ಬಕ್ಕೆ ಬಂದ ನೆಂಟನ ಹಾಗೆ. ಅಮೆರಿಕದಲ್ಲಿ ಒಂದು ಕೋಣೆ ತುಂಬ ಜನ ಕೂತು ವರ್ಷಗಟ್ಟಲೆ ಬರೆಯುತ್ತಾರೆ. ಅಷ್ಟು ದಿನ ಜೊತೆಗಿರಬೇಕಾದರೆ ಪೆದ್ದನ ಮೇಲೆ ಒಂದಿಷ್ಟು ಪ್ರೀತಿ ಬೇಕಾಗುತ್ತದೆ. ಹಾಗಾಗಿ ಮೊದಮೊದಲು ಮೂಲವನ್ನೇ ನಕಲು ಮಾಡಿ, ಬರಬರುತ್ತಾ ಅವನಿಗೆ ಒಂದು ಚೂರು ಒಳ್ಳೆಯತನ ಸೇರಿಸುತ್ತಾರೆ. ಇನ್ನೊಂದು ವಿಷಯವನ್ನೂ ಟಿಪ್ಪಣಿ ಮಾಡಿದ್ದೆ: ಬ್ರಿಟನ್ನಿನಲ್ಲಿ ಎಷ್ಟೋ ಸಲ ಕಥೆ ಬರೆದವನೇ ಪೆದ್ದನ ಪಾತ್ರವನ್ನೂ ಮಾಡುತ್ತಾನೆ. ಆ ಸಾಲನ್ನು ಬರೆದು ಹಾಗೇ ಮುಂದೆ ಹೋಗಿದ್ದೆ. ಅಲ್ಲಿ ಕೊಂಚ ನಿಲ್ಲಬೇಕಿತ್ತು.

ಏಕೆಂದರೆ ಅಕ್ಕ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದಳು: "ಗೃಹಪ್ರವೇಶಕ್ಕೆ ನಿಮ್ಮ ಭಾವ ಬರಲ್ವಂತೆ ಕಣೇ. ಆ ಬಸ್ ಕತೆ ಕೇಳಿ ಕೇಳಿ ಸಾಕಾಗಿದೆಯಂತೆ."

ಅಪ್ಪ ಹೋದ ಮೇಲೆ ನಮಗೆ ಹಿರಿಯರೆಂದರೆ ಭಾವನೇ. ಹೊಸ ಮನೆಯ ಹೊಸಿಲು ದಾಟುವಾಗ ಮುಂದೆ ಇರಬೇಕಾದವರು ಅವರು.

ಬಸ್ ಕತೆ ನಮ್ಮ ಮನೆಯ ಧಾರಾವಾಹಿ, ಹೇಳುವವಳು ನಾನು. ಭಾವ ನರಸಾಪುರದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಬೆಳಗಿನ ಶಿಫ್ಟಿಗೆ ಮುಳಬಾಗಿಲ ಬೈಪಾಸಿನಲ್ಲಿ ಸಾಲಾಗಿ ಕಂಪನಿ ಬಸ್ಸುಗಳು ಬರುತ್ತವೆ, ಎಲ್ಲವೂ ಬಿಳಿ. ಹತ್ತು ವರ್ಷದ ಹಿಂದೆ ಒಂದು ದಿನ ಭಾವ ತಪ್ಪು ಬಸ್ಸು ಹತ್ತಿ, ನಿದ್ದೆ ಹೋಗಿ, ಮಾಲೂರಿನ ಯಾವುದೋ ಕಂಪನಿಯ ಗೇಟಿನಲ್ಲಿ ಇಳಿದು, ಅಲ್ಲಿನ ಕ್ಯಾಂಟೀನಿನಲ್ಲಿ ತಿಂಡಿ ತಿಂದು ಬಂದರು. ಕತೆ ಇಷ್ಟೇ. ನನ್ನ ಬಾಯಲ್ಲಿ ಅದು ವರ್ಷವರ್ಷಕ್ಕೂ ಬೆಳೆಯಿತು. ಒಂದು ಮದುವೆಯಲ್ಲಿ ಹೇಳಿದಾಗ ಭಾವ ಮೂರು ಪ್ಲೇಟ್ ಉಪ್ಪಿಟ್ಟು ತಿಂದರು. ಒಂದು ನಾಮಕರಣದಲ್ಲಿ ಅಲ್ಲೇ ಹಾಜರಿ ಹಾಕಿದರು. ಕಳೆದ ಸಲ ಆ ಕಂಪನಿಯವರು ಅವರಿಗೆ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿಬಿಟ್ಟರು. ನೆಂಟರು ಬಿದ್ದು ಬಿದ್ದು ನಗುತ್ತಿದ್ದರು. ಭಾವ ಒಂದು ಸಣ್ಣ ನಗೆ ನಕ್ಕು, ಸ್ಕೂಟರ್ ನೋಡಿ ಬರ್ತೀನಿ ಎಂದು ಎದ್ದು ಹೋಗುತ್ತಿದ್ದರು. ಆಮೇಲಾಮೇಲೆ ಶಿಫ್ಟ್ ಇದೆ ಎಂದು ಬರುವುದನ್ನೇ ಬಿಟ್ಟರು.

ಸರಿ, ಕತೆಯನ್ನು ಅಮೆರಿಕದ ಮಾದರಿಯಲ್ಲಿ ತಿದ್ದೋಣ, ಕೊನೆಯಲ್ಲಿ ಭಾವನಿಗೆ ಒಂದು ಚೂರು ಒಳ್ಳೆಯತನ ಸೇರಿಸಿ ರಾಜಿಯಾಗೋಣ ಎಂದುಕೊಂಡೆ. ನನ್ನ ನೆನಪನ್ನು ನಾನು ನಂಬುವವಳಲ್ಲ. ಸಾಮಗ್ರಿ ಹುಡುಕಲು ಆ ವರ್ಷದ ಡೈರಿ ತೆಗೆದೆ. ಅಲ್ಲಿ ನನ್ನದೇ ಅಕ್ಷರ ಹೀಗಿತ್ತು:

"ನರಸಾಪುರದ ಇಂಟರ್‌ವ್ಯೂಗೆಂದು ಭಾವನ ಜೊತೆ ಬೈಪಾಸಿನಲ್ಲಿ ನಿಂತಿದ್ದೆ. ಬಸ್ಸು ಬಂತು. 'ಇದಲ್ಲ ಕಣಮ್ಮ, ನಮ್ದು ಹಿಂದೆ ಬರ್ತದೆ' ಅಂದರು. 'ಎಲ್ಲಾ ಕಂಪನಿ ಬಸ್ಸೂ ನರಸಾಪುರಕ್ಕೇ ಹೋಗೋದು ಭಾವ, ಹತ್ತಿ' ಅಂದೆ. ಇಬ್ಬರೂ ನಿದ್ದೆ ಹೋದೆವು. ಎದ್ದರೆ ಮಾಲೂರು. ಇಂಟರ್‌ವ್ಯೂ ತಪ್ಪಿತು. ಗೇಟಿನಲ್ಲೇ ಅತ್ತುಬಿಟ್ಟೆ. ಮನೇಲಿ ಹೇಳಬೇಡಿ, ಅಪ್ಪ ಬೈತಾರೆ ಅಂದೆ. 'ಪೋನೀಲೇ ಅಮ್ಮಾ, ನಾನೇ ತಪ್ಪು ಬಸ್ ಹತ್ತಿದೆ ಅಂತೀನಿ' ಅಂದರು."

ಹೋಗಲಿ ಬಿಡು ಎನ್ನುವುದನ್ನು ಭಾವ ಯಾವಾಗಲೂ ತೆಲುಗಿನಲ್ಲೇ ಹೇಳುವುದು.

ಆ ಪುಟವನ್ನು ಮತ್ತೆ ಮೊದಲಿಂದ ಓದಿದೆ. ಮೂಲದಲ್ಲಿ ಬಸ್ಸಿನೊಳಗೆ ಇಬ್ಬರು ಪೆದ್ದರಿದ್ದರು. ನನ್ನ ಆವೃತ್ತಿಯಲ್ಲಿ ಒಬ್ಬಳು ಯಾವಾಗ ಇಳಿದುಹೋದಳು? ಬೇಕೆಂದು ಇಳಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಹೀಗೆ ಮರೆಯುವ ತಲೆಯ ಆಣೆಗೆ ಎಷ್ಟು ಬೆಲೆ? ನೆನಪು ಕೂಡ ಕೋಣೆ ತುಂಬ ಬರಹಗಾರರನ್ನು ಇಟ್ಟುಕೊಂಡಿರುತ್ತದೆ. ಅವರೆಲ್ಲ ದುಡಿಯುವುದು ನಮ್ಮ ಪಾತ್ರವನ್ನು ಚಂದ ಮಾಡುವುದಕ್ಕೇ.

ಭಾನುವಾರ ಡೈರಿ ಹಿಡಿದು ದೇವರಾಯಸಮುದ್ರಕ್ಕೆ ಹೋದೆ. ಭಾವ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದರು. ನಾನು ನಿಂತುಕೊಂಡೇ ಪುಟ ಓದಿದೆ. ಬಾಗಿಲಲ್ಲಿದ್ದ ಅಕ್ಕ ಗಂಡನನ್ನೇ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಹತ್ತು ವರ್ಷ ಅವಳಿಗೂ ಹೇಳಿರಲಿಲ್ಲ ಮಹಾರಾಯ.

"ನನ್ನ ಆಡ್ಕೊಂಡಿದ್ದಕ್ಕೆ ಬೇಜಾರಿಲ್ಲ ಕಣಮ್ಮ" ಎಂದರು ಭಾವ, ಸೊಪ್ಪು ಹರಡುತ್ತಲೇ. "ನೀನು ನಿಜವಾಗ್ಲೂ ಮರ್ತೆಯೋ, ಮರ್ತಂಗೆ ಆಡ್ತಿದ್ಯೋ, ಅದೇ ಗೊತ್ತಾಗ್ಲಿಲ್ಲ. ಎಲ್ರ ಮುಂದೆ ಕೇಳಾಣ ಅಂದ್ರೆ ಕೊಟ್ಟ ಮಾತು ಮುರಿದಂಗೆ."

"ಮರ್ತಿದ್ದೆ ಭಾವ. ತಪ್ಪಾಯ್ತು."

ಅವರು ಹುಳುವಿನ ತಟ್ಟೆಯ ಕಡೆಯಿಂದ ತಲೆಯೆತ್ತಿದರು. "ಉಪ್ಪಿಟ್ಟಿನ ವಿಷ್ಯ ಬರ್ದಿಲ್ವಾ ಅದ್ರಲ್ಲಿ?"

"ಇಲ್ಲ."

"ಬರ್ಕೋ. ಉಪ್ಪಿಟ್ಟಲ್ಲ ಅದು, ಚಿತ್ರಾನ್ನ. ಮೂರು ಪ್ಲೇಟ್ ತಿಂದೋಳು ನೀನು. ಅಳ್ತಾ ಅಳ್ತಾ ತಿಂದೆ. ನಂಗೆ ಉಳಿದಿದ್ದು ಬರೀ ಕಡಲೆಕಾಯಿ ಬೀಜ."

ಅಂದರೆ ಡೈರಿಯೂ ಮೂಲಪ್ರತಿಯಲ್ಲ. ಬರೆದ ದಿನವೇ ನಾನು ಆ ಮೂರು ಪ್ಲೇಟನ್ನು ಕತ್ತರಿಸಿ ಹಾಕಿದ್ದೆ. ಮೂಲಪ್ರತಿ ಇದ್ದದ್ದು ಭಾವನ ಹತ್ತಿರ.

ಗೃಹಪ್ರವೇಶದ ದಿನ ಮೊದಲು ಹೊಸಿಲು ದಾಟಿದವರು ಭಾವ, ಬಿಳಿ ಪಂಚೆ ಉಟ್ಟು, ಬಲಗಾಲಿಟ್ಟು. ಊಟವಾದ ಮೇಲೆ ದೊಡ್ಡಮ್ಮ ವಾಡಿಕೆಯಂತೆ, "ಎಲ್ಲಮ್ಮಾ, ಆ ಬಸ್ ಕತೆ ಹೇಳು" ಎಂದರು. ಭಾವ ಸ್ಕೂಟರ್ ನೋಡಲು ಏಳಲಿಲ್ಲ. ನಾನು ಎದ್ದು ನಿಂತು, "ಈ ಸಲ ಬಸ್ಸಿನಲ್ಲಿ ನಾನೂ ಇದ್ದೀನಿ ದೊಡ್ಡಮ್ಮ" ಎಂದು ಶುರು ಮಾಡಿದೆ. ಮಾಲೂರು ಗೇಟಿನವರೆಗೆ ಹೇಗೋ ಬಂದೆ. ಅಲ್ಲಿಂದ ಮುಂದೆ ಭಾವನೇ ಕತೆ ಕಿತ್ತುಕೊಂಡರು. ನಾನು ಮೂಗು ಒರೆಸಿಕೊಳ್ಳುತ್ತಾ ಪ್ಲೇಟ್ ಮುಂದೆ ಚಾಚಿದ್ದನ್ನು ಅಭಿನಯಿಸಿಯೇ ತೋರಿಸಿದರು. ಅವರ ಎಣಿಕೆಯಲ್ಲಿ ಪ್ಲೇಟು ಆಗಲೇ ನಾಲ್ಕಾಗಿತ್ತು.

ಪೋನೀಲೇ ಎಂದುಕೊಂಡೆ. ಅವತ್ತು ಎಲ್ಲರಿಗಿಂತ ಅರೆಕ್ಷಣ ಮೊದಲು ನಕ್ಕವಳು ನಾನು.